ಎಡಗಡೆಯ ಸ್ಪೀಕರ್

"ಎಡಗಡೆದು ಸ್ವಲ್ಪ ಮಂಕು," ಎಂದೆ.

ಫೋನಿನಲ್ಲಿ ಟೈಪ್ ಮಾಡಲು ಹೆಬ್ಬೆರಳು ಎತ್ತಿದ್ದವಳು ಅಲ್ಲೇ ನಿಲ್ಲಿಸಿ ನನ್ನ ಕಡೆ ನೋಡಿದಳು. "ಮಂಕು ಅಂದ್ರೆ ಹೇಗೆ, ಸರ್?"

"ಹಾಡೋರು ಎರಡು ಸ್ಪೀಕರ್ ಮಧ್ಯೆ ನಿಂತು ಹಾಡಿದ ಹಾಗೆ ಕೇಳಿಸ್ಬೇಕಲ್ವಾ? ಇಲ್ಲಿ ಬಲಕ್ಕೆ ಸರಿದುಬಿಟ್ಟಿದಾರೆ. ಎಡಗಡೆಯವರ ಜೊತೆ ಮುನಿಸಿಕೊಂಡ ಹಾಗೆ."

ನಗಬಾರದೆಂದು ತುಟಿ ಕಚ್ಚಿಕೊಂಡಳು. ಕಣ್ಣು ಮಾತ್ರ ಹೇಳಿದ ಮಾತು ಕೇಳದೆ ನಕ್ಕುಬಿಟ್ಟಿತು. ಆ ನಗುವಿನ ಎದುರು ನಾನು ಕೂತಿದ್ದೆ, ಭಯವನ್ನು ಹೊಟ್ಟೆಯೊಳಗೆ ಮುದುರಿ ಇಟ್ಟುಕೊಂಡು.

ಅವಳ ಕೆಲಸವೇ ಒಂದು ತಮಾಷೆ. ದುಬಾರಿ ಸ್ಪೀಕರ್ ಮಾರುವ ಅಂಗಡಿಯವಳು. ನಾನು ಕೊಂಡಿದ್ದು ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಪುಟ್ಟ ಜೋಡಿ. ಬೆಲೆ ಕೇಳಿದರೆ ನಿಂತವರೂ ಕೂತುಬಿಡಬೇಕು. ಕೊಂಡವರ ಮನೆಗೆ ಕೆಲವು ವಾರ ಕಳೆದ ಮೇಲೆ ಹೋಗಿ, ಜೊತೆಯಲ್ಲಿ ಕೂತು ಕೇಳಿ, ಅವರ ಅನಿಸಿಕೆಯನ್ನು ಅಂಗಡಿಯ ವೆಬ್‌ಸೈಟಿಗೆ ಹಾಕುತ್ತಾಳೆ. ನನ್ನ ಅಕ್ಕ ಹೊಲಿಗೆ ಮಷೀನಿನ ಮುಂದೆ ಕೂತಲ್ಲಿಂದಲೇ ಅವಳಿಗೆ 'ಅನಿಸಿಕೆ' ಎಂದು ಹೆಸರಿಟ್ಟುಬಿಟ್ಟಳು. ಅದೇ ನಿಂತಿತು.

"ಬೇರೆಯವರು ಏನಂದಿದಾರೆ?" ಎಂದು ಕೇಳಿದೆ, ಮಾತು ಬದಲಿಸಲು.

"ಒಬ್ಬರು ಹಲ್ಲಿನ ಡಾಕ್ಟರು. ಹಾಡೋಳು ಉಸಿರೆಳ್ಕೊಂಡಿದ್ದು ಕೇಳಿ ಅವರ ನಾಯಿ ಸೋಫಾ ಹಿಂದೆ ಹೋಗಿ ಹುಡುಕ್ತಂತೆ. ಇನ್ನೊಬ್ಬರು ಲಾಯರು. 'ಇಷ್ಟು ಚಿಕ್ಕದರಿಂದ ಇಷ್ಟು ದೊಡ್ಡ ಸದ್ದು, ನಮ್ಮ ಮನೆಯೋರನ್ನ ಬಿಟ್ರೆ ಇದೇ' ಅಂತ ಬರೆಸಿದ್ರು. ಮನೆಯೋರು ಅಡುಗೆಮನೆಯಿಂದಲೇ ಕೇಳಿಸ್ಕೊಂಡು ಅದನ್ನ ತೆಗೆಸಿದ್ರು."

ಅಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಗುವಾಗಲೂ ತಲೆಯನ್ನು ತುಸು ಎಡಕ್ಕೆ ತಿರುಗಿಸಿದ್ದೆ, ಬಲಗಿವಿ ಅವಳ ಕಡೆಗಿರಲಿ ಎಂದು.

ಸ್ಪೀಕರಿನಲ್ಲಿ ದೋಷವಿಲ್ಲ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ನಾನು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಮಿಕ್ಸ್ ಮಾಡುವವನು. ಅಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಕಿವಿ ಬಂದ್ನಾ? ಕಿವೀನ ಕೇಳು," ಎನ್ನುತ್ತಾರೆ. ಅಂಥವನು ಹೆಡ್‌ಫೋನನ್ನು ಒಮ್ಮೆ ಅದಲುಬದಲು ಮಾಡಿ ಹಾಕಿಕೊಂಡಿದ್ದರೆ ಸಾಕಿತ್ತು, ಆ ಕ್ಷಣವೇ ಗೊತ್ತಾಗುತ್ತಿತ್ತು. ಹಾಕಿಕೊಳ್ಳಲಿಲ್ಲ. ಬಲಮಗ್ಗುಲಿಗೆ ಮಲಗಿದರೆ ಗೋಡೆ ಗಡಿಯಾರದ ಟಿಕ್‌ಟಿಕ್ ಮಾಯವಾಗುತ್ತಿತ್ತು. ಅದಕ್ಕೇ ಎಡಮಗ್ಗುಲಿಗೆ ಮಲಗುವ ಅಭ್ಯಾಸ ಮಾಡಿಕೊಂಡೆ. ಕೆಟ್ಟಿರುವುದು ಸ್ಪೀಕರ್ ಆಗಿದ್ದರೆ ಅಂಗಡಿಗೆ ವಾಪಸ್ ಕಳಿಸಬಹುದು. ಕಿವಿಯಾದರೆ ಎಲ್ಲಿಗೆ ಕಳಿಸುವುದು?

ಹಾಗಾಗಿ ಅವಳನ್ನೇ ಮತ್ತೆ ಮತ್ತೆ ಕರೆಸಿದೆ. ಬಂದಾಗಲೆಲ್ಲ ಅವಳು ಒಂದೊಂದು ಉಪಾಯ ಮಾಡುತ್ತಿದ್ದಳು. ಸ್ಪೀಕರನ್ನು ಗೋಡೆಯಿಂದ ಮುಂದೆ ತಂದಳು. ಪರದೆ ಎಳೆದಳು. ಅಕ್ಕನ ಬಟ್ಟೆಯ ರಾಶಿಯನ್ನು ಮೂಲೆಯಿಂದ ಎತ್ತಿಸಿದಳು. ಕೊನೆಗೆ ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಬಗ್ಗಿ, ನನ್ನ ತಲೆಯ ಎತ್ತರದಿಂದಲೇ ಕೇಳಿದಳು. ಅವಳ ಕೂದಲು ನನ್ನ ಭುಜಕ್ಕೆ ತಾಗಿತು. ಹಾಡು ಯಾವುದೆಂದೇ ಮರೆತುಹೋಯಿತು.

"ನನಗೇನೋ ಮಧ್ಯದಲ್ಲೇ ಕೇಳಿಸ್ತಿದೆ," ಎಂದಳು ಮೆಲ್ಲಗೆ. "ಎರಡನ್ನೂ ಅದಲುಬದಲು ಮಾಡಿ ನೋಡ್ಬಿಡೋಣ್ವಾ? ಮಂಕು ಸ್ಪೀಕರ್ ಜೊತೇಲೇ ಬಲಕ್ಕೆ ಬಂದ್ರೆ ತಪ್ಪು ಅದರದ್ದು. ಬರಲಿಲ್ಲ ಅಂದ್ರೆ ಬೇರೆ ಏನೋ."

ರಿಮೋಟ್ ಎತ್ತಿ ಹಾಡು ನಿಲ್ಲಿಸಿದೆ. "ಇವತ್ತು ಬೇಡ. ಮುಂದಿನ ಸಲ."

ಹುಬ್ಬು ಹಾರಿಸಿದಳು. "ಮುಂದಿನ ಸಲಾನೂ ಬರ್ಬೇಕಾ ನಾನು?"

"ಅನಿಸಿಕೆ ಇನ್ನೂ ಪೂರ್ತಿ ಆಗಿಲ್ವಲ್ಲ."

ಓರೆಗಣ್ಣಿನಲ್ಲಿ ನನ್ನನ್ನೊಮ್ಮೆ ಅಳೆದು, ಚೀಲ ಹೆಗಲಿಗೇರಿಸಿದಳು. ಕೆನ್ನೆ ಕೆಂಪಾಗಿತ್ತು. ಅವಳು ಮೆಟ್ಟಿಲಿಳಿದ ಮೇಲೆ ಅಕ್ಕ ಮಷೀನ್ ನಿಲ್ಲಿಸಿದಳು. "ಲೋ, ಸ್ಪೀಕರ್ ರಿಪೇರಿ ನೆಪ ಎಷ್ಟು ದಿನ ನಡೆಸ್ತೀಯೋ? ಹುಡುಗಿ ಚೆನ್ನಾಗಿದಾಳೆ. ಬಾಯಿಬಿಟ್ಟು ಕೇಳಬಾರದಾ?"

ನೆಪ. ಅಕ್ಕ ಹಾಗೆ ತಿಳಿದಿದ್ದಳು, ಬಹುಶಃ ಅವಳೂ ಹಾಗೇ ತಿಳಿದಿದ್ದಳು. ತಿಳಿದುಕೊಳ್ಳಲಿ ಎಂದು ಬಿಟ್ಟೆ. ಹೆದರಿದ್ದಾನೆ ಅನ್ನಿಸಿಕೊಳ್ಳುವುದಕ್ಕಿಂತ ಮನಸೋತಿದ್ದಾನೆ ಅನ್ನಿಸಿಕೊಳ್ಳುವುದು ಮೇಲಲ್ಲವೇ? ಈ ಲೆಕ್ಕಾಚಾರದ ಮಧ್ಯೆ ನಿಜವಾಗಿಯೂ ಮನಸೋತಿದ್ದೆ ಎಂಬುದು ಬೇರೆಯೇ ಕಥೆ. ಅವಳ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದರೆ ಜೀವಕ್ಕೆ ಜೀವ ಬಂದಂತಾಗುತ್ತಿತ್ತು. ಮರುಕ್ಷಣವೇ, ಇವಳು ಇವತ್ತು ಕಂಡುಹಿಡಿದೇಬಿಡುತ್ತಾಳೆ ಎಂಬ ಭಯ ಹಿಂದೆಯೇ ಬರುತ್ತಿತ್ತು. ಕಿವಿ ಹೋದರೆ ಕೆಲಸ ಹೋಯಿತು. ಕೆಲಸವಿಲ್ಲದ ಕಿವುಡ ಯಾವ ಮುಖವಿಟ್ಟುಕೊಂಡು ಒಂದು ಹುಡುಗಿಯನ್ನು ಕೇಳಬೇಕು?

ಮುಂದಿನ ಸಲ ಬಂದವಳು ತಿಳಿನೀಲಿ ಅಂಗಿ ಹಾಕಿದ್ದಳು, ಕಣ್ಣಿಗೆ ಸಣ್ಣಗೆ ಕಾಡಿಗೆ. ಅಂಗಡಿ ಕೆಲಸಕ್ಕೆ ಬರುವವರು ಯಾರೂ ಹಾಗೆ ಬರುವುದಿಲ್ಲ. ಅಕ್ಕ ನನಗೆ ಕಣ್ಣು ಮಿಟುಕಿಸಿ, "ಹೋಗಿ ಕಾಫಿ ಮಾಡ್ಕೊಂಡು ಬಾ, ಕೈ ಬಿಡುವಿಲ್ಲ ನಂಗೆ," ಎಂದಳು. ಕೈಯಲ್ಲಿ ಒಂದು ಗುಂಡಿಯೂ ಇರಲಿಲ್ಲ ಅವಳಿಗೆ.

ಕಾಫಿ ತಂದಾಗ ಹಾಡು ನಡೆಯುತ್ತಿತ್ತು. ಕುರ್ಚಿಯಲ್ಲಿ ಕೂತೆ.

"ಈಗ ಹೇಳಿ, ಸರ್. ಹೇಗಿದೆ?" ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಗು ತಡೆದುಕೊಂಡು ನಿಂತಿದ್ದಳು.

"ಹಾಗೇ ಇದೆ. ಎಡಗಡೆ ಇನ್ನೂ ಮಂಕು."

ನಗು ಅವಳ ಮುಖದಿಂದ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಮೊದಲು ಕಣ್ಣಿನಿಂದ, ಆಮೇಲೆ ತುಟಿಯಿಂದ.

"ನೀವು ಒಳಗಿದ್ದಾಗ ಅದಲುಬದಲು ಮಾಡಿದೆ, ಸರ್. ಎಡಗಡೆ ಈಗ ಇರೋದು ನಿಮ್ಮ ಬಲಗಡೆ ಸ್ಪೀಕರು. ನೀವು ಚೆನ್ನಾಗಿದೆ ಅಂತಿದ್ರಲ್ಲ, ಅದು."

ಹಾಡು ತನ್ನ ಪಾಡಿಗೆ ನಡೆಯುತ್ತಿತ್ತು. ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

"ಯಾವಾಗಿಂದ ಹೀಗೆ?" ಪಿಸುದನಿಯಲ್ಲಿ ಕೇಳಿದಳು.

"ನಿಮ್ಮ ಕೆಲಸ ಅನಿಸಿಕೆ ತಗೊಳ್ಳೋದು," ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು. "ತಗೊಂಡಾಯ್ತಲ್ಲ. ಹೊರಡಿ."

ಬಾಗಿಲವರೆಗೆ ಹೋದವಳು ತಿರುಗದೆಯೇ ನಿಂತಳು. "ಗೊತ್ತಿದ್ದೇ ಕರೆಸ್ತಿದ್ರಿ. ನಾನು ಬೇರೆ ಏನೋ ಅಂದ್ಕೊಂಡಿದ್ದೆ." ಆಮೇಲೆ ಮೆಟ್ಟಿಲಿಳಿದು ಹೋದಳು.

ಅಕ್ಕ ಹಿಂದಿನಿಂದ ಎದ್ದು ಬಂದು ನನ್ನ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದಳು. ನಾನು ತಿರುಗಲಿಲ್ಲ. ಅವಳು ಸೆರಗೆತ್ತಿ ಮುಖ ಮುಚ್ಚಿಕೊಂಡಳು.

ಮರುದಿನ ಸ್ಟುಡಿಯೋದಲ್ಲಿ ನಾಯಕಿ ಅಳುವ ದೃಶ್ಯ. ಮುಗಿಸಿ ಕೇಳಿಸಿದಾಗ ನಿರ್ದೇಶಕರು ಕೈ ಎತ್ತಿದರು. "ಎಡಗಡೆ ಕುರ್ಚಿ ಕಿರ್ ಅಂತಿದೆಯಲ್ಲಪ್ಪಾ." ಸುತ್ತ ಇದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಚಹಾ ತಂದವನೂ ಆಡಿಸಿದ. ನನಗೆ ನಾಯಕಿಯ ಅಳು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. "ಹೌದು ಸರ್, ತೆಗೀತೀನಿ," ಎಂದೆ, ಇಲ್ಲದ್ದನ್ನು ಹುಡುಕುವವನ ಹಾಗೆ ಪರದೆಯ ಮೇಲಿನ ಸದ್ದಿನ ಗೆರೆಗಳನ್ನು ತಡಕಾಡುತ್ತಾ. ನಿರ್ದೇಶಕರು ನನ್ನನ್ನೊಮ್ಮೆ ದಿಟ್ಟಿಸಿ ನೋಡಿ ಮುಂದಿನ ದೃಶ್ಯಕ್ಕೆ ಹೋದರು.

ಹೊರಗೆ ಬಂದು ಅವಳಿಗೆ ಫೋನ್ ಮಾಡಿದೆ. ಎತ್ತಿದಳು.

"ಸ್ಪೀಕರ್ ಚೆನ್ನಾಗಿದೆ," ಎಂದೆ. "ಕೆಟ್ಟಿರೋದು ನಾನು. ಆಸ್ಪತ್ರೆಗೆ ಹೋಗ್ಬೇಕು. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ."

"ಅಕ್ಕ ಇದಾರಲ್ಲ."

"ಅಕ್ಕ ಅಳ್ತಾಳೆ. ನೀವು ಬೈತೀರಿ. ನನಗೆ ಬೈಯೋರು ಬೇಕು."

ಆ ಕಡೆ ನಿಟ್ಟುಸಿರು. "ಯಾವ ಆಸ್ಪತ್ರೆ, ಹೇಳಿ."

ಪರೀಕ್ಷೆಯ ಕೋಣೆ ಒಂದು ಬೀರುವಿನಷ್ಟಿತ್ತು. ದಪ್ಪ ಬಾಗಿಲು, ಒಂದು ಗಾಜಿನ ಕಿಟಕಿ. ಕಿಟಕಿಯಾಚೆ ಯಂತ್ರದ ಮುಂದೆ ಪರೀಕ್ಷೆ ಮಾಡುವಾಕೆ, ಅವರ ಹಿಂದೆ ಅವಳು. ಹೆಡ್‌ಫೋನಿನಲ್ಲಿ ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ಬಲಗಿವಿಯದು ಸಲೀಸಾಗಿ ಮುಗಿಯಿತು.

ಆಮೇಲೆ ಎಡಗಿವಿಯದು. ಪರೀಕ್ಷೆ ಮಾಡುವಾಕೆ ಗುಂಡಿ ಒತ್ತಿದಾಗ ಅವರ ಭುಜ ಕೂದಲೆಳೆಯಷ್ಟು ಅಲುಗುತ್ತಿತ್ತು. ಸ್ಟುಡಿಯೋದಲ್ಲಿ ಸದ್ದಳೆಯುವ ಮೀಟರಿನ ಮುಳ್ಳು ನೋಡಿ ಬದುಕಿದ ಕಣ್ಣಿಗೆ ಅಷ್ಟು ಸಾಕು. ಭುಜ ಅಲುಗಿತು, ಬೆರಳೆತ್ತಿದೆ. ಮತ್ತೆ ಅಲುಗಿತು, ಮತ್ತೆ ಎತ್ತಿದೆ. ಯಾರಿಗೆ ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಬೆರಳು ತಾನಾಗಿ ಏಳುತ್ತಿತ್ತು.

ಬಾಗಿಲು ತೆರೆಯಿತು. ಅವಳು ಒಳಗೆ ಬಂದು ನನ್ನೆದುರು ನಿಂತಳು. ಮೂಗಿನ ತುದಿ ಕೆಂಪಾಗಿತ್ತು.

"ಕಣ್ಣಲ್ಲಿ ಕೇಳಿಸ್ಕೊಳ್ತಿದೀರಾ? ಗೋಡೆ ಕಡೆ ತಿರುಗಿ."

"ಭಯ ಆಗುತ್ತೆ."

"ನನಗೂ ಆಗುತ್ತೆ. ತಿರುಗಿ."

ಕುರ್ಚಿಯನ್ನು ಅವಳೇ ಹಿಡಿದು ತಿರುಗಿಸಿದಳು. ಬಾಗಿಲು ಮುಚ್ಚಿತು. ನನ್ನೆದುರು ಬರೀ ಬೂದು ಗೋಡೆ. ಮೊದಲು ಒಂದೆರಡು ದಪ್ಪ ದನಿ ಬಂತು, ಎಲ್ಲೋ ನೀರಿನಡಿಯಿಂದ ಬಂದ ಹಾಗೆ. ಬೆರಳೆತ್ತಿದೆ. ಆಮೇಲೆ ಏನೂ ಇಲ್ಲ. ಸಣ್ಣ ದನಿಗಳಿಗೆ ಯಂತ್ರ ಸಿದ್ಧ ಮಾಡುತ್ತಿರಬೇಕು ಅಂದುಕೊಂಡೆ. ಕಾದೆ. ಈ ಸಲ ಪ್ರಾಮಾಣಿಕವಾಗಿ ಕೇಳಬೇಕು ಎಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕಾದೆ. ಇನ್ನೂ ಯಾಕೆ ಶುರು ಮಾಡುತ್ತಿಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಹೆಗಲ ಮೇಲೆ ಕೈ ಬಿತ್ತು. ಅವಳು.

"ಸಣ್ಣ ಸದ್ದು ಯಾವಾಗ ಶುರು ಮಾಡ್ತಾರೆ?" ಎಂದೆ.

ಅವಳು ಹೆಡ್‌ಫೋನನ್ನು ನನ್ನ ತಲೆಯಿಂದ ನಿಧಾನವಾಗಿ ತೆಗೆದಳು.

"ಮುಗೀತು," ಎಂದಳು.

ಡಾಕ್ಟರು ಒಳಗಿವಿಯ ನರ ಎಂದರು. ಮಾತ್ರೆ ಬರೆದುಕೊಟ್ಟರು. ಕೇಳುವ ಶಕ್ತಿ ಒಂದಿಷ್ಟು ವಾಪಸ್ ಬರಬಹುದು, ಬಾರದೆಯೂ ಇರಬಹುದು, ನೀವು ಮೊದಲೇ ಬಂದಿದ್ದರೆ ಎಂದು ಆರಂಭಿಸಿ ನನ್ನ ಮುಖ ನೋಡಿ ನಿಲ್ಲಿಸಿದರು. ಹೊರಗಿನ ಬೆಂಚಿನ ಮೇಲೆ ಬಂದು ಕೂತೆವು. ಜನ ಓಡಾಡುತ್ತಿದ್ದರು. ಅವರ ಚಪ್ಪಲಿಯ ಸದ್ದೆಲ್ಲ ಬಲಗಡೆಯಿಂದಲೇ ಬರುತ್ತಿತ್ತು.

"ಸ್ಟುಡಿಯೋದಲ್ಲಿ ಹೇಳ್ಬೇಕು," ಎಂದೆ. "ನಾಳೆನೇ ಹೇಳ್ತೀನಿ. ಇಟ್ಕೊಳ್ತಾರೋ ಇಲ್ವೋ ಗೊತ್ತಿಲ್ಲ."

"ಹೇಳಿ." ಉಗುರು ನೋಡಿಕೊಂಡೇ ಮುಂದುವರಿಸಿದಳು. "ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನನ್ನನ್ನ ಕರೆಸ್ತಿದ್ದದ್ದು ಬರೀ ಕಿವಿಗೋಸ್ಕರಾನಾ?"

"ಮೊದಲ ಸಲ ಕಿವಿಗೋಸ್ಕರ." ಅವಳ ಕಡೆ ತಿರುಗಿದೆ. "ಆಮೇಲೆ ನಿಮಗೋಸ್ಕರ. ನೀವು ಬರೋ ದಿನ ಭಯ ಕಮ್ಮಿ ಇರ್ತಿತ್ತು."

"ಕಮ್ಮೀನಾ? ಇರ್ತಾನೇ ಇರ್ಲಿಲ್ಲ ಅನ್ನಬಾರದಾ?"

"ಇರ್ತಿತ್ತು. ಕಮ್ಮಿ ಇರ್ತಿತ್ತು."

ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಬೇರೆ ಯಾರಾದ್ರೂ ಆಗಿದ್ರೆ ಇಲ್ಲೊಂದು ಸುಳ್ಳು ಹೇಳ್ತಿದ್ರು."

"ನಾನು ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಕಿವಿ ವಾಪಸ್ ಬಂದ ಮೇಲೆ ಹೇಳೋಣ ಅಂತಿದ್ದೆ. ಅದು ಬರದೇ ಹೋದ್ರೆ?"

"ಬರದೇ ಹೋದ್ರೆ ಬರಲ್ಲ. ನಾನೇನು ನಿಮ್ಮ ಕಿವಿ ನೋಡಿ ಕಾಡಿಗೆ ಹಚ್ಕೊಂಡು ಬಂದಿದ್ದಾ?"

ಬೆಂಚಿನ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡಳು. ಧೈರ್ಯ ಹೇಳುವವಳ ಕೈ ಬೆಚ್ಚಗಿರುತ್ತದೆ ಎಂದುಕೊಂಡಿದ್ದೆ. ಮಂಜುಗಡ್ಡೆಯಂತೆ ತಣ್ಣಗಿತ್ತು.

"ನಿಮಗೆ ಭಯ ಆಗ್ತಿದೆಯಾ?" ಎಂದು ಕೇಳಿದೆ.

"ತುಂಬಾ ಆಗ್ತಿದೆ ಕಣೋ," ಎಂದಳು, ಕೈ ಬಿಡದೆ.