ಮುಂದೆ ಹೋಗುತ್ತಾ ಕೂಗಿದ ರಿವರ್ಸ್ ಹಾರ್ನ್

“ಫೋನ್ ಎತ್ತಿದ ಕೂಡ್ಲೇ ಹಾರ್ನ್ ಕೂಗಬೇಕಾ? ಯಾಕ ಬೇಟಿ?”

ಮಸ್ತಾನಸಾಬ್ ಟೆಸ್ಟರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನಯನಾಳನ್ನೇ ನೋಡಿದರು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅವರದ್ದು ಗಾಡಿಗಳ ವೈರಿಂಗ್ ಅಂಗಡಿ. ಮೂವತ್ತು ವರ್ಷದಿಂದ ಕೂಗದ ಹಾರ್ನ್‌ಗಳನ್ನೆಲ್ಲ ಕೂಗಿಸಿದ್ದರು. ಆದರೆ ಇಂಥ ಕೆಲಸ ತಂದವರು ಯಾರೂ ಇರಲಿಲ್ಲ.

“ಹೂಂ ಚಾಚಾ. ಕಾರಿನ ಡೋರ್ ತೆಗೆದ್ರೆ ಮ್ಯಾಲಿನ ಲೈಟ್ ಹತ್ತತೈತಲ್ಲ, ಹಂಗೇ! ಅಪ್ಪಾಜಿ ಸ್ಟ್ಯಾಂಡಿಂದ ಮೊಬೈಲ್ ಎತ್ತಿದ್ರೆ ಹಾರ್ನ್ ಹೊಡಕೋಬೇಕು.”

ಅಪ್ಪಾಜಿ ಬಸವಪ್ರಭು ಕಾರಿಗೆ ಒರಗಿ ನಿಂತಿದ್ದರು. “ಮಾಡಿಕೊಡ್ರಿ ಮಸ್ತಾನಸಾಬ್ರೆ. ಮಗಳಿಗೆ ಮಾತು ಕೊಟ್ಟುಬಿಟ್ಟೀನಿ” ಎಂದರು. ನಗುತ್ತಲೇ ಹೇಳಿದರೂ ಅವರ ಮುಖ ಸಪ್ಪಗಿತ್ತು.

ಅಪ್ಪಾಜಿಯದ್ದು ಬೋಲ್ಟು-ನಟ್ಟು ವ್ಯಾಪಾರ. ದಿನಾ ಕಾರಿನಲ್ಲಿ ಹರಿಹರ ದಾಟಿ ಗುತ್ತೂರಿನ ಕಾರ್ಖಾನೆಗಳಿಗೆ ಹೋಗಿಬರುತ್ತಾರೆ. ಮೂರು ತಿಂಗಳ ಹಿಂದೆ ಅಜ್ಜಿ ಕೊಟ್ರವ್ವನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ, ಅಪ್ಪಾಜಿ ಯಾವ ಕಾರ್ಖಾನೆಯಲ್ಲಿದ್ದಾರೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಮರುವಾರವೇ ಮೊಬೈಲ್ ಬಂತು. ಕೆ.ಬಿ. ಬಡಾವಣೆಯ ಅವರ ಬೀದಿಗೆ ಅದೇ ಮೊದಲನೆಯದು. ಅದಕ್ಕೆ ಚರ್ಮದ ಅಂಗಿ ಬೇರೆ! ಮನೆಗೆ ಬಂದ ಹೊಸ ಅಳಿಯನಿಗೂ ಅಷ್ಟು ಉಪಚಾರ ನಡೆಯುವುದಿಲ್ಲ.

ಅದರ ನಂಬರು ನಯನಾಳಿಗೆ ಬಾಯಿಪಾಠ. ನಾಲ್ಕೂವರೆಗೆ ಸ್ಕೂಲಿಂದ ಬಂದವಳೇ ಶೂ ಕೂಡ ಬಿಚ್ಚದೆ ಮನೆಯ ಫೋನಿಂದ ಒತ್ತುತ್ತಿದ್ದಳು. “ಅಪ್ಪಾಜಿ, ಇವತ್ತು ಏನ್ ತರ್ತಿ?”

ಹೋದ ಶನಿವಾರ ಅರ್ಧ ದಿನ ಸ್ಕೂಲು. ಅಪ್ಪಾಜಿಯ ಜೊತೆ ನಯನಾಳೂ ಹೊರಟಿದ್ದಳು. ಹರಿಹರ ಇನ್ನೇನು ಬಂತು ಅನ್ನುವಾಗ ಮೊಬೈಲ್ ರಿಂಗಾಯಿತು. ಅಪ್ಪಾಜಿ ಅದನ್ನು ಕಿವಿಗಿಟ್ಟುಕೊಂಡು “ಹಲೋ” ಎಂದರು. ಅಷ್ಟರಲ್ಲಿ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲೊಂದು ಪಕ್ಕದ ದಾರಿಯಿಂದ ರಸ್ತೆಗೆ ಬಂತು.

“ಅಪ್ಪಾಜೀ!”

ಬ್ರೇಕ್ ಕಿರುಚಿತು. ಕಾರು ಸೈಕಲ್ಲಿಗೆ ತಾಗಿಯೇ ನಿಂತಿತು. ರಸ್ತೆಯ ತುಂಬ ಹಾಲು. ಹಾಲಿನ ತಾತ ಮೊಣಕೈ ತರಚಿಕೊಂಡು ಬಿದ್ದಿದ್ದರು. ಅಪ್ಪಾಜಿ ಓಡಿಹೋಗಿ ಅವರನ್ನು ಎಬ್ಬಿಸಿದರು. ತಾತ ಬೈಯಲಿಲ್ಲ. ಅಪ್ಪಾಜಿಯ ಕೈಯಲ್ಲಿ ಇನ್ನೂ ಹಲೋ ಹಲೋ ಅನ್ನುತ್ತಿದ್ದ ಮೊಬೈಲನ್ನು ನೋಡಿ, “ಅದರಾಗೆ ಯಾರಿದ್ರಪ್ಪ ಅಷ್ಟು ದೊಡ್ಡೋರು?” ಎಂದು ಕೇಳಿದರು.

ಅಪ್ಪಾಜಿ ಮೊಬೈಲನ್ನು ಆಫ್ ಮಾಡಿ ಜೇಬಿಗೆ ಹಾಕಿದರು. ತಾತನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದರು. ವಾಪಸ್ ಹೊರಡುವಾಗ ಮೊಬೈಲನ್ನು ಮತ್ತೆ ಕಾರಿನ ಸ್ಟ್ಯಾಂಡಿಗೆ ಸಿಕ್ಕಿಸಿದರು.

“ಇನ್ಮ್ಯಾಲೆ ಓಡಿಸುವಾಗ ಅದನ್ನ ಮುಟ್ಟಲ್ಲ. ಮರೆತ್ರೆ ನೀನೇ ನೆನಪು ಮಾಡವ್ವ” ಎಂದರು.

“ನಾನೇನು ದಿನಾ ಗಾಡಿಯಾಗೆ ಇರ್ತೀನಾ?” ಎಂದಳು ನಯನಾ. ಆಗಲೇ ಅವಳಿಗೆ ಹಾರ್ನಿನ ಉಪಾಯ ಹೊಳೆದದ್ದು.

ಈಗ ಅಂಗಡಿಯಲ್ಲಿ ಮಸ್ತಾನಸಾಬ್ ಹಳೇ ಕಾರಿನ ಡೋರ್ ಸ್ವಿಚ್ ಹುಡುಕಿ, ಮೊಬೈಲ್ ಸ್ಟ್ಯಾಂಡಿನ ಅಡಿಗೆ ಕೂರಿಸಿದರು. “ಬ್ಯಾರೆ ಹಾರ್ನ್ ಯಾಕ? ರಿವರ್ಸ್ ಹಾರ್ನ್ ಐತಲ್ಲ, ಅದಕ್ಕೇ ವೈರ್ ಕೊಡ್ತೀನಿ. ಚಾವಿ ಆಫ್ ಮಾಡಿ ಎಷ್ಟಾದ್ರೂ ಮಾತಾಡ್ರಿ, ಕೂಗಲ್ಲ.”

ಅಪ್ಪಾಜಿ ಚಾವಿ ತಿರುಗಿಸಿದರು, ನಯನಾ ಮೊಬೈಲ್ ಎತ್ತಿದಳು. ಟೀಂವ್ ಟೀಂವ್ ಟೀಂವ್! ಕಾರು ಹಿಂದೆ ಬರುತ್ತದೆಂದು ತಿಳಿದು, ಹಿಂದೆ ನಿಂತಿದ್ದ ಆಕಳು ಕೂಡ ದಾರಿ ಬಿಟ್ಟಿತು.

ನಾಲ್ಕು ದಿನ ಕಳೆದಿರಬೇಕು. ಸ್ಕೂಲಿನಲ್ಲಿ ಗೆಳತಿ ರಶೀದಾ ಊಟದ ಡಬ್ಬಿ ತೆಗೆಯುತ್ತಾ ಬಿದ್ದುಬಿದ್ದು ನಕ್ಕಳು. ಅವಳ ಅಬ್ಬಾ ಆಟೋ ಓಡಿಸುತ್ತಾರೆ.

“ನಿನ್ನೆ ಸಂಜೆ ನಿಮ್ಮ ಕಾರು ಮುಂದಕ್ಕೇ ಹೋಗ್ತಿತ್ತಂತೆ ಕಣೇ, ರಿವರ್ಸ್ ಹಾರ್ನ್ ಹೊಡಕೊಂತ! ನಮ್ಮ ಅಬ್ಬಾ ಗಾಬರಿಯಾಗಿ ಆಟೋನ ಚರಂಡಿ ಹತ್ರ ತಂದ್ರಂತೆ. ಗಾಡಿ ಬರ್ತಾ ಐತಾ, ಹೋಗ್ತಾ ಐತಾ, ಯಾರಿಗೂ ತಿಳೀಲಿಲ್ವಂತೆ!”

ಎಲ್ಲರ ಜೊತೆ ನಯನಾಳೂ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಕಾರು ಓಡುವಾಗ ಹಾರ್ನ್ ಕೂಗಿದೆ ಅಂದರೆ ಅಪ್ಪಾಜಿ ಫೋನ್ ಎತ್ತಿದ್ದಾರೆ!

ಸಂಜೆ ಅಪ್ಪಾಜಿ ಬಂದ ಕೂಡಲೇ ಕೇಳಿಬಿಟ್ಟಳು. “ಮುಟ್ಟಲ್ಲ ಅಂದಿದ್ದೆಯಲ್ಲ ನೀನು?”

ಅಪ್ಪಾಜಿ ತಲೆ ಕೆರೆದುಕೊಂಡರು. “ಬ್ಯಾರೆ ಯಾರದ್ದು ಬಂದ್ರೂ ಗಾಡಿ ಸೈಡಿಗೆ ಹಾಕಿ ನಿಲ್ಲಿಸ್ತೀನವ್ವ. ಒಂದು ಫೋನ್ ಬಂದ್ರೆ ಮಾತ್ರ ಕೈ ತಡಿಯಲ್ಲ.”

“ಯಾರದ್ದು?”

ಒಳಗೆ ಅಜ್ಜಿ ಕೆಮ್ಮಿದರು. “ಮಾತ್ರೆ ತಗಂಡಿಯೇನವ್ವಾ?” ಎನ್ನುತ್ತಾ ಅಪ್ಪಾಜಿ ಎದ್ದು ಹೋದರು.

ನಯನಾಳಿಗೆ ಒಂದೂ ಅರ್ಥವಾಗಲಿಲ್ಲ. ಕೊಟ್ಟ ಮಾತಿಗಿಂತ ಆ ಫೋನ್ ದೊಡ್ಡದಾ? ಕಾರ್ಖಾನೆಯ ಮ್ಯಾನೇಜರೇ ಇರಬೇಕು. ಹೋಂವರ್ಕ್ ಮಾಡುವಾಗಲೂ ಅವಳು ಆ ಮ್ಯಾನೇಜರಿಗೆ ಮನಸ್ಸಿನಲ್ಲೇ ಬೈದಳು. ಅವನ ಮುಖ ಹೇಗಿದೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ನಾಲ್ಕೂವರೆ. ನಯನಾ ಶೂ ಹಾಕಿಕೊಂಡೇ ಫೋನಿನ ಹತ್ತಿರ ಓಡಿದಳು. ಇವತ್ತು ಮಂಡಕ್ಕಿ, ಮಿರ್ಚಿ ತರಿಸಬೇಕು. ನಂಬರು ಒತ್ತಿದಳು. ಒಂದೇ ರಿಂಗಿಗೆ ಅಪ್ಪಾಜಿ ಎತ್ತಿದರು.

“ಏನಾತವ್ವಾ? ಅಜ್ಜಿ ಆರಾಮ್ ಅದಾಳಾ?”

ಆ ದನಿಯ ಹಿಂದೆ ಇನ್ನೊಂದು ಸದ್ದು. ಟೀಂವ್ ಟೀಂವ್ ಟೀಂವ್.

ನಯನಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಎಲ್ಲೋ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಯಾರೋ ಕೂಗಿದರು. ಅವಳ ಕಣ್ಣಿಗೆ ರಸ್ತೆಯ ಮೇಲೆ ಹರಿದ ಹಾಲೇ ಕಂಡಿತು.

“ಅಜ್ಜಿ ಆರಾಮ್ ಅದಾಳೆ! ಗಾಡಿ ನಿಲ್ಸು ಅಪ್ಪಾಜಿ! ಫಸ್ಟ್ ಗಾಡಿ ನಿಲ್ಸು!”

ಟೀಂವ್ ಟೀಂವ್ ಟೀಂವ್. ಆ ಸದ್ದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕೊನೆಗೂ ನಿಂತಿತು.

“ನಿಲ್ಲಿಸೀನಿ, ಚಾವೀನೂ ತೆಗೆದೆ. ಮನೆ ನಂಬರ್ ನೋಡಿದ್ರೆ ನನ್ನ ಎದೆ ಧಸಕ್ ಅಂತೈತೆ ಕಣವ್ವ. ಹೇಳು, ಏನ್ ಬೇಕಿತ್ತು?”

“ಏನೂ ಬ್ಯಾಡ” ಎಂದಳು ನಯನಾ. ಮಂಡಕ್ಕಿಯ ಮಾತನ್ನು ಎತ್ತಲೇ ಇಲ್ಲ. ಅಪ್ಪಾಜಿ ಫೋನ್ ಇಟ್ಟ ಮೇಲೂ ಅವಳು ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು. ಹಾಲಿನ ತಾತನ ಮಾತು ನೆನಪಾಯಿತು. ಅದರಾಗೆ ಯಾರಿದ್ರಪ್ಪ ಅಷ್ಟು ದೊಡ್ಡೋರು?

ಮಾರನೇ ದಿನ ಸ್ಕೂಲಿಂದ ಬಂದವಳು ಬಾಗಿಲಲ್ಲೇ ಕೂತು ಶೂ ಬಿಚ್ಚಿದಳು. ಕೈ ಒಂದು ಸಲ ಫೋನಿನ ತನಕ ಹೋಯಿತು. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಜಡೆ ಹಿಡಿದುಕೊಂಡಳು.

“ಯಾಕೇ, ನಿಮ್ಮಪ್ಪಗೆ ಇವತ್ತು ಫೋನ್ ಮಾಡಲ್ಲೇನು?” ಎಂದರು ಅಜ್ಜಿ.

“ಬರ್ಲಿ ಬಿಡಜ್ಜಿ. ಬಂದ ಮ್ಯಾಲೆ ಮಾತಾಡ್ತೀನಿ.”

ಅವಳು ಗೇಟಿನ ಹತ್ತಿರ ಹೋಗಿ ಕೂತಳು. ಐದಾಯಿತು, ಐದೂವರೆಯಾಯಿತು. ಇಷ್ಟು ಹೊತ್ತು ಅಪ್ಪಾಜಿಯ ದನಿ ಕೇಳದೆ ಕೂರುವುದು ಕಷ್ಟವಾಗಿತ್ತು. ಬೀದಿಯಲ್ಲಿ ಹೋದ ಒಂದೊಂದು ಗಾಡಿಗೂ ಎದ್ದು ನೋಡಿದಳು. ಬೇಸರವಾಗಿ ಒಳಗೆ ನೀರು ಕುಡಿಯಲು ಹೋದಾಗ ಹೊರಗಿಂದ ಆ ಸದ್ದು ಬಂತು.

ಟೀಂವ್ ಟೀಂವ್ ಟೀಂವ್.

ನಯನಾ ಲೋಟ ಬಿಟ್ಟು ಓಡಿದಳು. ಗೇಟಿನ ಹೊರಗೆ ಅಪ್ಪಾಜಿ ಸೀಟಿನ ಮೇಲೆ ಕೈಯಿಟ್ಟು, ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದರು. ಮೊಬೈಲ್ ತನ್ನ ಸ್ಟ್ಯಾಂಡಿನಲ್ಲೇ ಕೂತಿತ್ತು. ಈ ಸಲ ಕಾರು ನಿಜವಾಗಿಯೂ ಹಿಂದಕ್ಕೆ ಬರುತ್ತಿತ್ತು.

ಅವಳು ಗೇಟನ್ನು ಪೂರ್ತಿ ತೆರೆದು, ಎರಡೂ ಕೈ ಬೀಸುತ್ತಾ ಕೂಗಿದಳು.

“ಬರ್ಲಿ ಅಪ್ಪಾಜಿ, ಬರ್ಲಿ. ನಿಧಾನ. ಇನ್ನೂ ಬರ್ಲಿ.”