ಕಿರಣಖಡ್ಗದ ತುದಿ

ಚಿಕ್ಕಮಾದಪ್ಪ ಜೀವಮಾನದಲ್ಲಿ ಒಂದೇ ಒಂದು ವಿಜ್ಞಾನ ಕಥೆ ಓದಿದವರಲ್ಲ. ಆದರೂ 1988ರ ಒಂದು ಭಾನುವಾರ ಬೆಳಿಗ್ಗೆ, ಕೊಳ್ಳೇಗಾಲದ ಅವರ ರೇಷ್ಮೆ ಮಗ್ಗದ ಮನೆಗೆ ಹನೂರಿನಿಂದ ಒಬ್ಬಾತ ಬಸ್ಸಿನಲ್ಲಿ ನಜ್ಜುಗುಜ್ಜಾದ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದು, ಬಗ್ಗಿ ಕಾಲು ಮುಟ್ಟಿ, "ಬೆಳಕಿನ ಕತ್ತಿ ವಿಚಾರದಲ್ಲಿ ನಿಮ್ಮ ವಾದಾನೇ ಸರಿ ಸಾರ್. ಅದನ್ನ ಹೇಳೋಣ ಅಂತಲೇ ಬಂದೆ" ಎಂದ.

ಚಿಕ್ಕಮಾದಪ್ಪ ಮೂವತ್ತು ವರ್ಷ ಮಗ್ಗದ ಸದ್ದಿನಲ್ಲೇ ಬದುಕಿ ಕಿವಿ ಮಂದ ಮಾಡಿಕೊಂಡವರು. ಹಣ್ಣು ಇಸಕೊಂಡರು. "ಕತ್ತಿ ನಮ್ತಾವ ಇಲ್ಲ ಕನಪ್ಪ. ಕೌದಳ್ಳಿಲಿ ಒಬ್ಬ ಕಮ್ಮಾರ ಅವ್ನೆ, ಸಂದಾಗಿ ಮಾಡ್ಕೊಡ್ತನೆ."

ಒಳಗೆ ಓಡುತ್ತಿದ್ದ ಮಗ್ಗ ನಿಂತಿತು. ಯಾರೋ ಸೆರಗು ಕಚ್ಚಿ ನಗು ತಡೆದ ಸದ್ದು. ಆಮೇಲೆ ಒಂದು ಹೆಣ್ಣುದನಿ: "ಅಪ್ಪ, ಅವ್ರು ಬಂದಿರದು ನನ್ನ ಮಾತಾಡ್ಸಕೆ."

ಬಂದವನ ಹೆಸರು ನಟರಾಜು. ಹುಟ್ಟಿದ್ದು ಧನಗೆರೆ, ವಯಸ್ಸು ಮೂವತ್ತಮೂರು, ಹನೂರಿನಲ್ಲಿ ಕರೆಂಟ್ ಮೀಟರ್ ಓದುವ ಕೆಲಸ. ದಿನಕ್ಕೆ ಎಂಬತ್ತು ಬಾಗಿಲು ತಟ್ಟುವ ಅವನನ್ನು ಎಂಬತ್ತರಲ್ಲಿ ಒಬ್ಬರೂ ಕೂತ್ಕೊಳ್ಳಿ ಅಂದವರಲ್ಲ. ಗೋಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತ ಬಂದು, ಡಬ್ಬಿಯನ್ನೇ ನೋಡುತ್ತ ಹೋಗುವವನ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ಸಂಜೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆ, ಸೀಮೆಎಣ್ಣೆ ಸ್ಟೌವಿನ ಅನ್ನ, ಮತ್ತು ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ 'ಏಳನೇ ಚಂದ್ರನ ಸೀಮೆ'.

ಆ ಕಥೆಯ ನಾಯಕ ಅಭ್ರಕ, ಸೊಂಟಕ್ಕೆ ಅಲಗಿಲ್ಲದ ಒಂದು ಬರೀ ಹಿಡಿ ಸಿಕ್ಕಿಸಿಕೊಂಡು ಗ್ರಹದಿಂದ ಗ್ರಹಕ್ಕೆ ಅಲೆಯುತ್ತಿದ್ದ. ಗುಂಡಿ ಒತ್ತಿದರೆ ಹಿಡಿಯಿಂದ ಮೂರು ಮೊಳದ ಬೆಳಕು ಹೊರಟು, ಅಲ್ಲೇ ನಿಲ್ಲುತ್ತಿತ್ತು. ಅದೇ ಕಿರಣಖಡ್ಗ. ಕಬ್ಬಿಣವಾಗಲಿ ಬಂಡೆಯಾಗಲಿ ಒಂದೇ ಏಟು. ಬೇರೆ ಓದುಗರು ಸುಮ್ಮನೆ ಆನಂದಪಟ್ಟರು. ನಟರಾಜು ಕರೆಂಟಿನವನು, ಅವನಿಗೆ ತಡೆಯಲಾಗಲಿಲ್ಲ.

'ಮಾನ್ಯರೇ, ಟಾರ್ಚ್ ಹಾಕಿದರೆ ಬೆಳಕು ಗೋಡೆ ಸಿಗುವವರೆಗೂ ಹೋಗುತ್ತದೆ. ಮೂರು ಮೊಳಕ್ಕೆ ನಿಲ್ಲು ಎಂದು ಅದಕ್ಕೆ ಹೇಳುವವರು ಯಾರು? ಬಂಡೆ ಸೀಳುವಷ್ಟು ಶಕ್ತಿ ಆ ಪುಟ್ಟ ಹಿಡಿಯಲ್ಲಿ ಎಷ್ಟು ಹೊತ್ತು ಬಂದೀತು?' ಎಂದು ಓದುಗರ ಅಂಕಣಕ್ಕೆ ಬರೆದ.

ಮೂರು ವಾರದ ಮೇಲೆ ಉತ್ತರ ಬಂತು. ಕಥೆ ಬರೆದವರಿಂದಲ್ಲ, ಕೊಳ್ಳೇಗಾಲದಿಂದ.

'ಹನೂರಿನವರು ಮಗ್ಗದ ಲಾಳಿ ನೋಡಿಲ್ಲವೆಂದು ಕಾಣುತ್ತದೆ. ಲಾಳಿ ಒಂದು ತುದಿಯವರೆಗೆ ಹೋಗಿ ತಿರುಗಿ ಬರುತ್ತದೆ. ನೂಲು ತಿರುಗುವ ಜಾಗವೇ ಸೀರೆಯ ಅಂಚು. ಕಿರಣಖಡ್ಗದ ಬೆಳಕೂ ಹಾಗೆ, ಮೂರು ಮೊಳ ಹೋಗಿ ಹಿಡಿಗೇ ವಾಪಸ್ ಬರುತ್ತದೆ. ಹೋದದ್ದೆಲ್ಲ ಬರುವುದರಿಂದ ಖರ್ಚಿಲ್ಲ. ಏನನ್ನಾದರೂ ಮುಟ್ಟಿದಾಗ ಮಾತ್ರ ಖರ್ಚು.'

ನಟರಾಜು ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದನೋ. ಮುಟ್ಟದೆ ಹೋಗಿ ಬರುವ ವಸ್ತುವಿಗೆ ಖರ್ಚಿಲ್ಲ ಎಂಬ ವಿಷಯ ದಿನಕ್ಕೆ ಎಂಬತ್ತು ಬಾಗಿಲಿಗೆ ಹೋಗಿ ಬರುವ ಅವನಿಗೆ ಬೇರೆ ಕಾರಣಕ್ಕೂ ಚೆನ್ನಾಗಿ ಗೊತ್ತಿತ್ತು.

ಕೆಳಗೆ ಅಚ್ಚಾಗಿದ್ದ ಹೆಸರು ಚಿಕ್ಕಮಾದಪ್ಪ. ಅದಕ್ಕೆ ಕಾರಣ ಇಷ್ಟೇ. ಸೀರೆ ತಯಾರಾಗಿದೆ ಎಂದು ಅಂಗಡಿಗಳಿಗೆ ತಿಳಿಸಲು ಮಗ್ಗದ ಮನೆಯವರು ಯಜಮಾನರ ಹೆಸರು, ವಿಳಾಸ ಅಚ್ಚು ಹಾಕಿಸಿದ ಕಾರ್ಡು ಇಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಯಾರು ಯಾರಿಗೆ ಏನು ಬರೆದರೂ ಅದರಲ್ಲೇ. ಮಗಳು ಪದ್ಮಿನಿ ಅದರ ಮೇಲೆ ಬರೆದು, ಸಹಿ ಹಾಕುವುದನ್ನು ಮರೆತಿದ್ದಳು. ಪತ್ರಿಕೆಯವರು ಕಾರ್ಡಿನಲ್ಲಿದ್ದ ಹೆಸರನ್ನೇ ಹಾಕಿದರು. ಆಮೇಲಿನ ಎಂಟು ತಿಂಗಳು ಹನೂರಿಗೂ ಕೊಳ್ಳೇಗಾಲಕ್ಕೂ ನಡುವೆ ಕಾರ್ಡುಗಳು ಓಡಾಡಿದವು; ಅವುಗಳಲ್ಲಿ ಸಹಿಯನ್ನು ಅವಳು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು.

ಈಗ ಅವಳು ಮಗ್ಗದ ಕೆಳಗೆ ಕಾಲಿಡುವ ಗುಣಿಯಿಂದ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ರವಿಕೆಯ ತೋಳಿಗೆ ಒಂದು ಕೆಂಪು ಎಳೆ ಅಂಟಿತ್ತು. ಮೂವತ್ತು ಇರಬಹುದು. ನೇಯುವಾಗ ಅಂಚು ನೋಡಿ ನೋಡಿ ಅಭ್ಯಾಸವೋ ಏನೋ, ಅವಳು ನೇರ ನೋಡುತ್ತಿರಲಿಲ್ಲ. ಕಣ್ಣಿನ ಕೊನೆಯಿಂದ ಒಂದು ನೋಟ ಹೊರಟು, ಅವನ ಮುಖದವರೆಗೆ ಬಂದು, ತಾಗುವ ಮುಂಚೆ ತಿರುಗಿ ಹೋಗುತ್ತಿತ್ತು.

"'ಹಿರಿಯರಾದ ಚಿಕ್ಕಮಾದಪ್ಪನವರು' ಅಂತ ಅನ್ನೊಂದು ಸಲ ಬರ್ದಿದ್ದೀರಿ" ಎಂದಳು. "ನೋಡುದ್ರೆ ನಿಮ್ಗೇ ನರೆಗೂದ್ಲು."

"ನಾನು ಹೆಂಗಸು ಅಂತ ಒಂದು ಕಾರ್ಡಲ್ಲಾದ್ರೂ ಬರೀಬೋದಿತ್ತು" ಎಂದ ನಟರಾಜು.

"ಬರ್ದಿದ್ರೆ ಇಂಗೆ ಜಗಳ ಆಡ್ತಿದ್ರಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ."

"ಅದ್ಕೇಯ." ಒಂದು ಮಣೆಯನ್ನು ಕಾಲಿನಿಂದ ಅವನ ಕಡೆ ಸರಿಸಿದಳು. "ಕೂತ್ಕಳಿ."

ನಟರಾಜು ಕೂತ. ಯಾರೂ ಹೇಳದ ಮಾತಾದ್ದರಿಂದ ಕೂರುವುದಕ್ಕೆ ಸ್ವಲ್ಪ ತಡವಾಯಿತು.

ಅಲ್ಲಿಂದ ಪ್ರತಿ ಭಾನುವಾರ ಹನೂರು ಬಸ್ಸು ಅವನನ್ನು ಇಳಿಸಿತು. ಪದ್ಮಿನಿಯ ತಾಯಿ ತೀರಿ ಆರು ವರ್ಷವಾಗಿತ್ತು. ಪದ್ಮಿನಿ ನೇಯ್ದ ಧಾರೆಸೀರೆ ಉಟ್ಟು ಊರಿನ ಎಷ್ಟೋ ಹುಡುಗಿಯರು ಗಂಡನ ಮನೆ ಸೇರಿದ್ದರು. ಅವಳ ಪಾಲಿಗೆ ಉಳಿದದ್ದು ಕಿವಿ ಕೇಳದ ಅಪ್ಪ ಮತ್ತು ಉತ್ತರ ಕೊಡದ ಮಗ್ಗ. ಬಾಯಿತುಂಬ ಮಾತಾಡಲು ಅವಳು ಓದುಗರ ಅಂಕಣದವರೆಗೆ ಹೋಗಬೇಕಾಗಿ ಬಂದದ್ದು ಹಾಗೆ.

ಇಬ್ಬರೂ ಬಿಡದೆ ಮಾತಾಡಿದರು. ಆದರೆ ಮಾತೆಲ್ಲ ಖಡ್ಗದ್ದೇ. ಬೇರೆ ಮಾತು ಬಾಗಿಲವರೆಗೆ ಬಂದರೆ ಒಬ್ಬರಲ್ಲ ಒಬ್ಬರು ಅಭ್ರಕನನ್ನು ಮಧ್ಯಕ್ಕೆ ಎಳೆದು ತರುತ್ತಿದ್ದರು. ತೀರ್ಮಾನವಾಗದೆ ಉಳಿದದ್ದು ಒಂದೇ ಪ್ರಶ್ನೆ: ಎರಡು ಕಿರಣಖಡ್ಗ ಎದುರಾದರೆ ಏನಾಗುತ್ತದೆ? ಕಥೆಯಲ್ಲಿ ಅವು ಒಂದನ್ನೊಂದು ತಡೆದು ನಿಲ್ಲುತ್ತಿದ್ದವು.

"ಸಾಧ್ಯವೇ ಇಲ್ಲ" ಎನ್ನುತ್ತಿದ್ದ ನಟರಾಜು. "ಬೆಳಕು ಬೆಳಕನ್ನ ತಡೆಯಲ್ಲ. ಎರಡು ಟಾರ್ಚ್ ಅಡ್ಡಡ್ಡ ಹಾಕಿ ನೋಡಿ. ಒಂದರೊಳಗೆ ಒಂದು ಹಾದು ಹೋಗ್ತವೆ. ಹಾದದ್ದು ಅವಕ್ಕೇ ಗೊತ್ತಾಗಲ್ಲ."

"ನಿಮ್ಗೆ ಗೊತ್ತಾಗಲ್ಲ ಅಂತನ್ನಿ" ಎನ್ನುತ್ತಿದ್ದಳು ಪದ್ಮಿನಿ, ಕಣ್ಣಿನ ಕೊನೆಯಿಂದ.

ಜೂನ್ ತಿಂಗಳಲ್ಲಿ ಅವನಿಗೆ ರಾಯಚೂರಿಗೆ ವರ್ಗವಾಯಿತು. ಯಾರ ಕುತಂತ್ರವೂ ಇರಲಿಲ್ಲ. ಹನೂರಿಗೆ ಬಂದ ಹೊಸತರಲ್ಲಿ, ಒಂಟಿತನ ತಾಳದೆ, 'ರಾಜ್ಯದ ಯಾವ ಮೂಲೆಯಾದರೂ ಸರಿ' ಎಂದು ತಾನೇ ಅರ್ಜಿ ಕೊಟ್ಟಿದ್ದ. ಅರ್ಜಿ ಮೂರು ವರ್ಷ ಮೇಜಿನಿಂದ ಮೇಜಿಗೆ ನಡೆದು, ಅವನು ಅದನ್ನು ಸಂಪೂರ್ಣ ಮರೆತ ಮೇಲೆ ಮಂಜೂರಾಗಿ ಬಂತು. ಬೇಡವಾದರೆ ಸೋಮವಾರದೊಳಗೆ ಬರೆದು ಕೊಡಬೇಕು. ಅದಕ್ಕೆಂದೇ ಕೊಟ್ಟ ಫಾರಮ್ಮಿನಲ್ಲಿ 'ಕಾರಣ' ಎಂಬ ಒಂದು ಖಾಲಿ ಜಾಗ. ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಕಾರಣ ಅವನಿಗೆ ಗೊತ್ತಿತ್ತು. ಆದರೆ ಆ ಕಾರಣಕ್ಕೇ ಗೊತ್ತಿದೆಯೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ.

ಭಾನುವಾರ ಅವನು ಬಂದಾಗ ಕರೆಂಟ್ ಹೋಗಿತ್ತು. ಹೊರಗೆ ಮೋಡ, ಒಳಗೆ ನಡುಹಗಲೇ ಮುಸ್ಸಂಜೆ. ಮಗ್ಗದ ಮುಂದೆ ಪದ್ಮಿನಿ ಒಂದು ಟಾರ್ಚನ್ನು ಪೆಟ್ಟಿಗೆಯ ಮೇಲೆ ಒರಗಿಸಿಕೊಂಡು ಕೂತಿದ್ದಳು.

"ನೀವ್ ಬರೋ ದಿನಾನೇ ಕರೆಂಟ್ ತಗೀತಿರಲ್ಲ."

"ಭಾನುವಾರ ನನಗೆ ಅಧಿಕಾರ ಇಲ್ಲ."

"ಮಿಕ್ಕ ದಿನ ಅದಾ?"

"ಇಲ್ಲ."

ಹಳೆಯ ಹಾಸು ಮುಗಿದು ಹೊಸ ಹಾಸು ಬಂದಿತ್ತು. ಉದ್ದದ ಎಳೆಗಳೆಲ್ಲ ಹೊಸವು. ಒಂದೊಂದು ಹಳೆ ಎಳೆಯ ಕೊನೆಗೂ ಒಂದೊಂದು ಹೊಸ ಎಳೆ ಸೇರಿಸಬೇಕು. ಒಟ್ಟು ನಾಲ್ಕು ಸಾವಿರ. ಗಂಟು ಹಾಕುವಂತಿಲ್ಲ, ಹಾಕಿದರೆ ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು ಅಷ್ಟೆ. ನಟರಾಜು ಎದುರು ಕೂತು, ತನ್ನ ಬ್ಯಾಗಿನ ಟಾರ್ಚನ್ನೂ ತೆಗೆದು ಹಚ್ಚಿಟ್ಟ. ಒಂದೊಂದೇ ಎಳೆ ಬಿಡಿಸಿ ಅವಳ ಕೈಗೆ ಕೊಡತೊಡಗಿದ.

ನೂರು ಎಳೆ ದಾಟಿದ ಮೇಲೆ, "ರಾಯಚೂರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದದೆ" ಎಂದ. ಧನಗೆರೆಯ ಮಾತು ಅವನಿಗೆ ಅರಿವಿಲ್ಲದೆ ಬಂತು.

ಅವಳ ಬೆರಳ ನಡುವಿನ ಎಳೆ ಪಟ್ಟನೆ ಹರಿಯಿತು. ಇಷ್ಟು ದಿನದಲ್ಲಿ ಅವಳ ಕೈಯಲ್ಲಿ ಎಳೆ ಹರಿದದ್ದನ್ನು ಅವನು ನೋಡಿರಲಿಲ್ಲ.

"ಯಾರ್ ಮಾಡ್ಸುದ್ರು?"

"ನಾನೇಯ. ಮೂರು ವರ್ಷದಿಂದೆ ಅರ್ಜಿ ಕೊಟ್ಟಿದ್ದೆ. ಆಗ ನೀವಿರ್ನಿಲ್ಲ."

"ನಾನಿದ್ದೆ" ಎಂದಳು. "ಇಲ್ಲೇ ಇದ್ದೆ. ನಿಮ್ಗೆ ಗೊತ್ತಿರ್ನಿಲ್ಲ ಅಷ್ಟೇಯ."

ಎರಡು ಟಾರ್ಚಿನ ಬೆಳಕು ಅವರ ನಡುವೆ ಅಡ್ಡಡ್ಡ ಹಾದು, ಒಂದು ಆ ಗೋಡೆಗೆ, ಒಂದು ಈ ಗೋಡೆಗೆ ಹೋಗಿ ಬಿದ್ದಿತ್ತು. ನಟರಾಜು ಅದನ್ನೇ ನೋಡಿದ. ತನ್ನ ವಾದ ಗೆದ್ದು ಕಣ್ಣೆದುರು ನಿಂತಿತ್ತು. ಅಷ್ಟು ಬೇಸರದ ಗೆಲುವನ್ನು ಅವನು ಕಂಡಿರಲಿಲ್ಲ.

"ಬೆರಳಿಗೆ ಬೂದಿ ತಕ್ಕಳಿ" ಎಂದಳು ಪದ್ಮಿನಿ.

ತೆಗೆದುಕೊಂಡ. ಹರಿದ ಎಳೆಯ ಎರಡು ತುದಿಯನ್ನು ಅವಳು ಅವನ ಬೆರಳಿನ ನಡುವೆ ಇಟ್ಟಳು. ಮೊದಲ ಸಲ ಜಾರಿತು. ಎರಡನೆಯ ಸಲ ಅವಳು ತನ್ನ ಬೆರಳು ಅವನ ಬೆರಳಿನ ಮೇಲಿಟ್ಟು ಹೊಸೆದು, ಕೈ ತೆಗೆಯದೆ, "ಎಳೀರಿ" ಎಂದಳು.

ಎಳೆದ. ಎಳೆ ಬಿಟ್ಟುಕೊಳ್ಳಲಿಲ್ಲ.

"ಗಂಟಿಲ್ಲ, ಅಂಟಿಲ್ಲ" ಎಂದಳು. "ನಿಮ್ ಟಾರ್ಚಿನ ಬೆಳಕು ಮುಂದ್ಮುಂದ್ಕೇ ಒಂಟೋಯ್ತದೆ. ಅದ್ಕೇ ಒಂದ್ನೊಂದು ಇಡಿಯಲ್ಲ. ಖಡ್ಗದ್ದು ಅಂಗಲ್ಲ, ತಿರುಗಿ ಬರ್ತದೆ. ತಿರುಗಿ ಬರೋವು ಎರಡು ಎದುರಾದ್ರೆ ಇಂಗೆ ಸುತ್ಕತವೆ. ಆಮೇಲೆ ಎಳುದ್ರೂ ಬರಲ್ಲ. ಪ್ರತಿ ವಾರ ತಿರುಗಿ ಬಂದೋರ್ಗೂ ಇಷ್ಟು ಗೊತ್ತಾಗ್ನಿಲ್ವಾ?"

ಹೇಳಿದ ಮೇಲೆ ಅವಳು ನೇರವಾಗಿ ನೋಡಿದಳು. ಈ ಸಲ ನೋಟ ಅರ್ಧದಲ್ಲಿ ತಿರುಗಲಿಲ್ಲ. ಬಂದು ತಾಗಿ ಅಲ್ಲೇ ನಿಂತಿತು.

ನಟರಾಜು ಬೂದಿಯ ಕೈಯಲ್ಲೇ ಜೇಬಿನಿಂದ ಫಾರಂ ತೆಗೆದ. "ಓಗಕಿಲ್ಲ ಅಂತ ಬರ್ಕೊಡ್ತೀನಿ. ಇಲ್ಲೊಂದು ಕಾರಣ ಕೇಳವ್ರೆ."

"ಬೆಳಕು ಬೆಳಕನ್ನ ಇಡ್ಕತದೆ ಅಂತ ಬರೀರಿ."

"ಆಫೀಸ್ನೋರು ಒಪ್ಪಲ್ಲ."

"ನೀವು?"

"ಒಪ್ಪಿದೆ."

ಪದ್ಮಿನಿ ಮುಂದಿನ ಎಳೆಯನ್ನು ಹುಡುಕುವವಳಂತೆ ತಲೆ ತಗ್ಗಿಸಿದಳು. "ಅಂಗಾದ್ರೆ ಮದ್ವೆ ಅಂತ ಬರೀರಿ. ಅದಾದ್ರೆ ಅವ್ರಿಗೂ ಅರ್ಥಾಯ್ತದೆ."

ಅವನು ಬರೆದ. ಕಾಗದದ ಮೇಲೆ ಬೂದಿಯ ಬೆರಳಿನ ಗುರುತು ಬಿತ್ತು. ಅದನ್ನು ಮಡಿಸಿಟ್ಟು, ಮತ್ತೆ ಎಳೆ ಬಿಡಿಸಲು ಕೂತ. ಇನ್ನೂ ಮೂರು ಸಾವಿರದ ಒಂಬೈನೂರು ಉಳಿದಿದ್ದವು. ಅವನ ಕೈ ತೀರ ನಿಧಾನವಾಗಿತ್ತು, ಅವಳೂ ಅವಸರ ಮಾಡಲಿಲ್ಲ.

ಅಷ್ಟರಲ್ಲಿ ಕರೆಂಟ್ ಬಂದು ಬಲ್ಬು ಹತ್ತಿತು. ಜಗಲಿಯ ಮೇಲಿದ್ದ ಚಿಕ್ಕಮಾದಪ್ಪ ಕತ್ತು ಚಾಚಿ ನೋಡಿದರು. "ಕರೆಂಟ್ ಬಂತಲ್ಲ, ಬ್ಯಾಟ್ರಿ ಆರ್ಸ್ರಪ್ಪ, ಸುಮ್ಕೆ ಖರ್ಚಾಯ್ತದೆ."

ಅವರಿಬ್ಬರೂ ಮುಂದಿನ ಎಳೆ ಹೊಸೆಯುತ್ತಿದ್ದರು. ಮತ್ತೊಮ್ಮೆ ಇನ್ನೂ ಗಟ್ಟಿಯಾಗಿ ಹೇಳಿದರು. ಆ ಮನೆಯಲ್ಲಿ ಕಿವಿ ಕೇಳಿಸದವರು ಅವರೊಬ್ಬರೇ ಅಲ್ಲದ ಮೊದಲ ದಿನ ಅದು. ಬಲ್ಬಿನ ಕೆಳಗೆ ಎರಡು ಟಾರ್ಚೂ ಉರಿಯುತ್ತಲೇ ಇದ್ದವು.