ಬಾಡಿಗೆಗೆ ಕೊಟ್ಟ ಮನೆ, ಆಡಿಬಿಟ್ಟ ಮಾತು

"ಒಲೆ ಹೊಗೆ ಸರಿಯಾಗಿ ಮೇಲಕ್ಕೋಯ್ತದಾ ಅಕ್ಕಾ? ನಂಗೆ ಈಗ ಹೊಗೆ ಕಂಡ್ರೆ ಆಗಾಕಿಲ್ಲ."

ಮುದ್ದೆ ತೊಳಸುತ್ತಿದ್ದ ಪುಟ್ಟಸಿದ್ದಮ್ಮ ಬೆಚ್ಚಿ ತಿರುಗಿದಳು. ಅಡುಗೆಮನೆ ಬಾಗಿಲಲ್ಲಿ ಗುರುತಿಲ್ಲದ ಹೆಂಗಸು! ಬಸುರಿ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಅಟ್ಟ ಎಷ್ಟೆತ್ತರ, ಒರಳು ಎಲ್ಲಿದೆ ಎಂದು ತನ್ನದೇ ಮನೆಯೆಂಬಂತೆ ನೋಡುತ್ತಿದ್ದಾಳೆ.

"ಯಾರವ್ವ ನೀನು?"

"ಚಿಕ್ಕಬಸಮ್ಮ ಕಣಕ್ಕ. ನಮ್ಮನೆಯವ್ರು ತಾಲ್ಲೂಕು ಕಚೇರೀಲಿ ಗುಮಾಸ್ತ್ರು. ಪಿರಿಯಾಪಟ್ಟಣದಿಂದ ಇಲ್ಲಿಗೆ ವರ್ಗ ಆಗ್ಯದೆ. ಬರೋ ತಿಂಗ್ಳಿಂದ ಈ ಮನೆ ನಮ್ಗೇ ತಾನೆ? ನಿಮ್ಮೆಜಮಾನ್ರು ಮರದ ಕೆಲ್ಸಕ್ಕೆ ರಂಗೂನಿಗೆ ಓಯ್ತಾರಂತಲ್ಲ, ಬಾಡಿಗೆಗೆ ಕೊಟ್ಟವ್ರೆ..."

ಅವಳು ಮಾತು ನಿಲ್ಲಿಸಿ ಪುಟ್ಟಸಿದ್ದಮ್ಮನ ಮುಖ ನೋಡಿದಳು. "ಯಾಕಕ್ಕ? ನಿಮ್ಗೆ ಗೊತ್ತಿಲ್ವಾ?"

ಗಂಡ ಸಮುದ್ರ ದಾಟುವ ಸುದ್ದಿಯನ್ನು ಹೆಂಡತಿ ಕಂಡವರ ಬಾಯಿಂದ ಕೇಳುವುದೇ! ಅದಕ್ಕಿಂತ ಅವಮಾನ ಇನ್ನೇನಿದೆ?

ಮಹಾರಾಜರ ಆಳ್ವಿಕೆಯ ಕಾಲ ಅದು. ಹುಣಸೂರಿನ ಮರದ ಡಿಪೋದಲ್ಲಿ ಮಂಟಯ್ಯ ಮೇಸ್ತ್ರಿ. ಮಾತು ಕಡಿಮೆ, ಕೆಲಸ ಜಾಸ್ತಿ. ಮದುವೆಯಾಗಿ ವರ್ಷಗಳು ಉರುಳಿದರೂ ಪುಟ್ಟಸಿದ್ದಮ್ಮನ ಮಡಿಲು ತುಂಬಿರಲಿಲ್ಲ. ಮೊನ್ನೆ ಮೊನ್ನೆ ಅವನ ಸೋದರತ್ತೆ ಮರಮ್ಮ ಬಂದವಳು ಪುಟ್ಟಸಿದ್ದಮ್ಮನ ಎದುರಲ್ಲೇ, "ಇನ್ನೊಂದು ತಂದ್ಕೋ ಕಣ್ಲಾ," ಎಂದಿದ್ದಳು. ಮಂಟಯ್ಯ ತುಟಿಪಿಟಿಕ್ಕೆನ್ನದೆ ತಲೆ ತಗ್ಗಿಸಿ ಕೂತಿದ್ದ. ಅತ್ತೆಯ ಮಾತಿಗಿಂತ ಅವನ ಆ ಮೌನವೇ ಅವಳನ್ನು ಸುಟ್ಟಿತ್ತು.

'ರಂಗೂನಿಗೆ ಹೋದ ಗಂಡಸರು ಅಲ್ಲೇ ಇನ್ನೊಂದು ಸಂಸಾರ ಹೂಡುತ್ತಾರಂತೆ... ನನ್ನನ್ನು ಹನಗೋಡಿಗೆ, ತವರಿಗೆ ಅಟ್ಟುತ್ತಾರೆ. ಅದಕ್ಕೇ ಗುಟ್ಟಾಗಿ ಮನೆ ಬಾಡಿಗೆಗೆ!'

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಗಂಡನ ಮೇಲಿನ ಅವಳ ಕೋಪ ಪಾಪದ ಬಸುರಿಯ ಮೇಲೆ ತಿರುಗಿತು.

"ಗೊತ್ತು ಬುಡು... ಆದ್ರೆ ಒಂದ್ ಮಾತು ತಂಗಿ. ಈ ಮನೇಲಿ ಕೂಸು ನಿಲ್ಲಾಕಿಲ್ಲ. ನನ್ನೇ ನೋಡು."

ಚಿಕ್ಕಬಸಮ್ಮನ ಮುಖ ಬಿಳಿಚಿತು. ಎರಡೂ ಕೈಯಲ್ಲಿ ಹೊಟ್ಟೆ ತಬ್ಬಿಕೊಂಡು, ಕುಂಕುಮಕ್ಕೂ ನಿಲ್ಲದೆ ಹೊರಟುಬಿಟ್ಟಳು.

ಅವಳು ಬೀದಿ ದಾಟುವ ಮೊದಲೇ ಪುಟ್ಟಸಿದ್ದಮ್ಮನಿಗೆ ನಾಚಿಕೆ ಶುರುವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂಗಿ ಕರೆಯೋಣವೆಂದರೆ ಬಾಯಿ ಏಳಲಿಲ್ಲ.

ಸಂಜೆ ಮಂಟಯ್ಯ ಬಂದ. ತಳ ಹತ್ತಿದ ಮುದ್ದೆಯನ್ನೇ ತಿಂದ.

"ಯಾಕಮ್ಮಿ, ಉಸಾರಿಲ್ವಾ?"

"ಏನಿಲ್ಲ."

'ಕೇಳಿಬಿಡಲೇ? ಹೌದು, ನಿನ್ನ ಬಿಟ್ಟು ಹೋಗ್ತೀನಿ ಎಂದುಬಿಟ್ಟರೆ...?' ಅವಳು ಕೇಳಲಿಲ್ಲ. ಏನೋ ಹೇಳಲು ಬಾಯಿ ತೆರೆದ ಅವನೂ ಹೇಳಲಿಲ್ಲ. ಒಳ್ಳೆಯ ಜೋಡಿ!

ಆದರೆ ಊರು ಸುಮ್ಮನಿರುತ್ತದೆಯೇ? ಮಂಟಯ್ಯನ ಮನೆಗೆ ದೋಷವಿದೆಯಂತೆ ಎಂಬ ಮಾತು ಹೊಳೆಯ ದಡ ಮುಟ್ಟಿತು. ಬಟ್ಟೆ ಒಗೆಯುವ ಹೆಂಗಸರು ಅವಳನ್ನು ಕಂಡೊಡನೆ ದನಿ ತಗ್ಗಿಸಿದರು. 'ಹೆಣ್ಣಿಂದೇ ದೋಷ, ಮನೇದೇನು?' ಎಂಬುದೂ ಅವಳ ಕಿವಿಗೆ ಬಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಚಿಕ್ಕಬಸಮ್ಮ ಮತ್ತೆ ಬಂದಳು! ಒಳಗೆ ಬರದೆ ಜಗಲಿಯ ಹತ್ತಿರವೇ ನಿಂತಳು.

"ನಾವು ಬಾಡಿಗೆಗೆ ಬತ್ತೀವಿ ಕಣಕ್ಕ. ನಿನ್ನೆ ಅರಳೀಕಟ್ಟೆ ತಾವ ನಿಮ್ಮನೆಯವ್ರು ಎಲ್ರ ಮುಂದೆ ಯೋಳ್ಬುಟ್ರಂತೆ. 'ದೋಷ ಮನೇದಲ್ಲ, ನಮ್ಮನೆಯೋಳ್ದೂ ಅಲ್ಲ. ಕೊರತೆ ನಂದು' ಅಂತ. ಗಂಡಸ್ರೆಲ್ಲ ನಕ್ಕರಂತೆ. ಅವ್ರು ಪಾಪ, ನಗೋದು ಮುಗಿಯೋಗಂಟ ಅಲ್ಲೇ ನಿಂತಿದ್ರಂತೆ."

ಪುಟ್ಟಸಿದ್ದಮ್ಮನ ಜೀವ ಹಿಡಿಯಷ್ಟಾಯಿತು.

"ನೀವಿಬ್ರೂ ಓದ್ಮೇಲೆ ಹಿತ್ಲು ಬಾಳೆ ನಾನು ನೋಡ್ಕತೀನಿ ಬುಡಿ."

"ಇಬ್ರೂ...?"

"ಮತ್ತಿನ್ನೇನಕ್ಕ? ಅವ್ರೊಬ್ರೇ ಓಗೋದಾಗಿದ್ರೆ ಮನೆ ಯಾಕೆ ಬಾಡಿಗೆಗೆ ಕೊಡ್ತಿದ್ರು? ನೀವೇ ಇರ್ತಿದ್ರಲ್ಲ!"

ಎಷ್ಟು ಸರಳವಾದ ಮಾತು! ಇಷ್ಟು ದಿನ ಅತ್ತು ಅತ್ತು ಸಾಯುವ ಬದಲು ಒಂದು ಗಳಿಗೆ ಯೋಚಿಸಿದ್ದರೆ ಅವಳಿಗೂ ಹೊಳೆಯುತ್ತಿತ್ತು. ಅವಳು ಕುಸಿದು ಕೂತು ಚಿಕ್ಕಬಸಮ್ಮನ ಕೈ ಹಿಡಿದಳು.

"ಸುಳ್ಳು ಯೋಳ್ದೆ ಕಣೆ ತಂಗಿ! ನನ್ನ ಬುಟ್ಟೋಯ್ತಾರೆ ಅನ್ನೋ ಸಂಕಟಕ್ಕೆ, ನಿನ್ನ ಒಟ್ಟೆ ನೋಡಿ ಉರ್ಕೊಂಡು... ಮನೇಲಿ ಏನೂ ಇಲ್ಲ. ಕೆಟ್ಟದ್ದೆಲ್ಲ ನನ್ನ ಬಾಯಲ್ಲೇ ಇತ್ತು."

ಚಿಕ್ಕಬಸಮ್ಮ ಕೈ ಬಿಡಿಸಿಕೊಂಡಳು. ಅವಳ ಕಣ್ಣು ತುಂಬಿತ್ತು.

"ಅವತ್ತಿಂದ ಕೂಸು ಒಸಿ ಒತ್ತು ಅಲ್ಲಾಡದಿದ್ರೂ ನನ್ನ ಎದೆ ಒಡ್ದೋಗೋದು ಕಣಕ್ಕ. ಪರವಾಗಿಲ್ಲ ಅನ್ನಾಕೆ ನಂಗಾಗಲ್ಲ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಆ ಬಾಯಲ್ಲೇ ಈಗ ಒಂದ್ ಒಳ್ಳೆ ಮಾತಾಡಿ," ಎಂದಳು.

ಮಕ್ಕಳಿಲ್ಲದವಳ ಹರಕೆಯನ್ನು ಯಾರು ಕೇಳುತ್ತಾರೆ? ಪುಟ್ಟಸಿದ್ದಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳು ಎದ್ದು ನಿಂತಳು.

"ನಿನ್ನ ಕೂಸು ಈ ಮನೆ ತುಂಬ ಅಂಬೆಗಾಲಿಕ್ಲಿ... ನೂರು ವರ್ಸ ಬಾಳ್ಲಿ ಕಣವ್ವ."

ಚಿಕ್ಕಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯಾಡಿಸಿ ಹೋದಳು.

ಪುಟ್ಟಸಿದ್ದಮ್ಮ ನೇರ ಡಿಪೋಗೆ ನಡೆದಳು. ಗಂಡಸರೇ ತುಂಬಿದ ಜಾಗ. ಅವಳನ್ನು ಕಂಡು ಗರಗಸಗಳು ನಿಂತವು. ಯಾರೋ ಕಿಸಕ್ಕೆಂದರು.

"ನಗಬ್ಯಾಡಿ! ಇವ್ರು ನಿನ್ನೆ ಅಂದಿದ್ದು ನನ್ನ ಮಾನ ಉಳ್ಸಾಕೆ. ಮನೆಗೆ ದೋಷ ಅದೆ ಅಂತ ಸುಳ್ಳು ಉಟ್ಸಿದ್ದು ನಾನು!"

ಮಂಟಯ್ಯ ಬಂದು ಅವಳನ್ನು ಮರದ ದಿಮ್ಮಿಗಳ ಮರೆಗೆ ಕರೆದುಕೊಂಡು ಹೋದ.

"ಯಾಕ್ರೀ ಅಂಗಂದ್ರಿ? ಊರವ್ರ ಮುಂದೆ... ಅದು ನಿಜವಾ?"

"ನಂಗೇನ್ ಗೊತ್ತು? ಕೊರತೆ ನಿಂದು ಅಂತ ಊರೆಲ್ಲ ಅಂದಾಗ ಯಾರಾದ್ರೂ ಸಾಕ್ಷಿ ಕೇಳಿದ್ರಾ? ನಂದು ಅಂದಾಗ್ಲೂ ಕೇಳ್ಲಿಲ್ಲ."

"ಅವತ್ತು ಅತ್ತೆ ಮುಂದೆ ಸುಮ್ಕಿದ್ರಲ್ಲ..."

"ಅವತ್ತು ಬಾಯಿ ಬರ್ಲಿಲ್ಲ ಕಣಮ್ಮಿ. ಆ ನಾಚ್ಕೆ ದಿನಾ ತಿಂತಿತ್ತು. ಅದುಕ್ಕೇ ನಿನ್ನೆ ಅಂದೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ನಾನು ಬಸುರಿ ಎಂಗ್ಸಿಗೆ ಅಂಥಾ ಮಾತಾಡ್ದೆ... ನಿಮ್ಮನ್ನ ನಗೆಪಾಟ್ಲು ಮಾಡ್ದೆ. ಇಂಥೋಳ್ನ ಕರ್ಕೊಂಡೋಗಾಕೆ ನಿಮ್ಗೆ ನಾಚ್ಕೆ ಆಗಲ್ವಾ?"

ಮಂಟಯ್ಯ ನೆಲ ನೋಡಿದ.

"ನಂಗೆ ನಾಚ್ಕೆ ಬೇರೇದಕ್ಕೆ ಅದೆ. ಸಮುದ್ರಕ್ಕೆ ಎದರ್ಕಂಡು ನೀನೆಲ್ಲಿ ಬರಾಕಿಲ್ಲ ಅಂತೀಯೋ ಅಂತ, ಮೊದ್ಲು ಮನೆ ಕೊಟ್ಬುಟ್ಟು ಆಮೇಲೆ ಯೋಳಾನ ಅಂದ್ಕೊಂಡೆ. ನಿನ್ ಕೇಳ್ದಲೆ ನಿನ್ ಮನೆ ಕೊಟ್ಬುಟ್ಟೆ." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಈಗ ಕೇಳ್ತೀನಿ. ನೀನು ಬ್ಯಾಡ ಅಂದ್ರೆ ನಾನೂ ಓಗಾಕಿಲ್ಲ. ನನ್ ಜೊತೆ ಬತ್ತೀಯಾ ಪುಟ್ಟೀ?"

"ಇದೊಂದ್ ಮಾತು ಮೊದ್ಲೇ ಕೇಳಿದ್ರೆ ಏನಾಗ್ತಿತ್ತು ನಿಮ್ಗೆ?" ಅಳುವಿನ ನಡುವೆಯೇ ಅವಳು ಅವನ ತೋಳು ಹಿಡಿದಳು. "ಬತ್ತೀನಿ ಕಣ್ರೀ..."